ಇಬ್ಬರು ಎಳೆಯುವ ರೋಲರು

ಶನಿವಾರದೊಳಗೆ ಶಾಲೆಯ ಹುಲ್ಲುಹಾಸು ಸಮವಾಗದಿದ್ದರೆ ಅವಳ ಕೆಲಸವೂ ಹೋಗುತ್ತಿತ್ತು, ಗೇಟಿನ ಪಕ್ಕದ ಎರಡು ಕೋಣೆಯ ಮನೆಯೂ ಹೋಗುತ್ತಿತ್ತು. ಹೆಡ್‌ಮಾಸ್ಟರು ಕಟುಕರೇನಲ್ಲ. "ನೋಡಮ್ಮಾ, ಇದು ಇಬ್ಬರ ಕೆಲಸ. ನಿಮ್ಮೊಬ್ಬರಿಂದ ಆಗುತ್ತೆ ಅಂದ್ರೆ ಮಾಡಿ ತೋರ್ಸಿ. ಇಲ್ಲಾಂದ್ರೆ ನಾನು ಬೇರೆಯವರನ್ನ ನೋಡ್ಬೇಕಾಗುತ್ತೆ" ಎಂದಿದ್ದರು. ಮಾಲಿ ಸತ್ತು ಎರಡು ತಿಂಗಳಾದರೂ ಎಲ್ಲರ ಬಾಯಲ್ಲಿ ಅವಳಿನ್ನೂ ಮಾಲಿಯ ಹೆಂಡತಿಯೇ. "ಆಗುತ್ತೆ ಸಾರ್" ಎಂದುಬಿಟ್ಟಳು. ಬಾಯಿಗೇನು ಕಷ್ಟ, ರೋಲರು ಎಳೆಯಬೇಕಾದ್ದು ರಟ್ಟೆ ತಾನೇ.

ಕೆಲಸ ಗೊತ್ತಿಲ್ಲದವಳಲ್ಲ. ಹಿಂದಿನ ದಿನವೇ ಹುಲ್ಲು ಕತ್ತರಿಸಿ ಕಲ್ಲು ಆರಿಸಿದ್ದಳು. ಬೆಳಿಗ್ಗೆ ಮಣ್ಣಿಗೆ ಹೆಬ್ಬೆರಳು ಒತ್ತಿ ನೋಡಿದಳು. ಮಣ್ಣು ಬೆರಳಿಗೆ ಮೆತ್ತಿಕೊಂಡರೆ ರೋಲರು ಹುಲ್ಲನ್ನೇ ಕಿತ್ತುಕೊಂಡು ಬರುತ್ತದೆ, ಒಣಗಿ ಕಲ್ಲಾಗಿದ್ದರೆ ದಿನವಿಡೀ ಉರುಳಿಸಿದರೂ ಅಷ್ಟಕ್ಕಷ್ಟೇ. ಇವತ್ತು ಹದವಾಗಿತ್ತು. ಹದ ನೋಡುವುದು ಗಂಡನ ಪಾಲಿನದು, ತೂಕಕ್ಕೆಂದು ರೋಲರಿನ ಟೊಳ್ಳು ಹೊಟ್ಟೆಗೆ ನೀರು ತುಂಬುವುದು ಇವಳದು. ಹದಿನಾರು ವರ್ಷ ನೀರು ತುಂಬಿ ರೂಢಿಯಾದ ಕೈ ಇವತ್ತೂ ಕಂಠಪೂರ್ತಿ ತುಂಬಿ ಬಿರಡೆ ಬಿಗಿಯಿತು. ಎಳೆಯುವವಳು ಒಬ್ಬಳೇ ಎಂದು ಆ ಕೈಗೆ ಯಾರು ಹೇಳಬೇಕು?

ಸಮತಟ್ಟಿನಲ್ಲಿ ಹೇಗೋ ಏದುಸಿರು ಬಿಡುತ್ತಾ ಸಾಗಿಸಿದಳು. ಬಾವುಟದ ಕಂಬದ ಹತ್ತಿರ ನೆಲ ಇಳಿಜಾರು. ಇಳಿಜಾರಲ್ಲಿ ಯಾವಾಗಲೂ ಮನುಷ್ಯ ಮೇಲಿರಬೇಕು, ರೋಲರು ಕೆಳಗಿರಬೇಕು. ಅದನ್ನು ಅವಳು ಮರೆತಿರಲಿಲ್ಲ. ಆದರೆ ಅರ್ಧ ಏರುವಷ್ಟರಲ್ಲಿ ರೋಲರು ನಿಂತಿತು, ಆಮೇಲೆ ಮೆಲ್ಲಗೆ ಹಿಂದಕ್ಕೆ ಉರುಳತೊಡಗಿತು.

"ಬಿಡ್ಲಾ?" ಎಂದು ಕೂಗಿದಳು. ಕೂಗಿ, ಉತ್ತರಕ್ಕೆ ಕಾದಳು.

ಗಂಡ ಹೆಂಡತಿ ಮಾಡಿಕೊಂಡಿದ್ದ ಕಟ್ಟಳೆ ಅದು. ಒಬ್ಬರೇ ಕೈಬಿಟ್ಟರೆ ಇನ್ನೊಬ್ಬರ ತೋಳು ಕಿತ್ತುಬರುತ್ತದೆ, ಹಾಗಾಗಿ ಒಬ್ಬರು ಕೇಳಬೇಕು, ಇನ್ನೊಬ್ಬರು ಒಪ್ಪಬೇಕು, ಇಬ್ಬರೂ ಒಟ್ಟಿಗೆ ಬಿಡಬೇಕು. ರೋಲರು ಅವಳನ್ನು ಎಳೆದುಕೊಂಡು ಇಳಿಯುತ್ತಿತ್ತು, ಹಿಮ್ಮಡಿ ಹುಲ್ಲಿನಲ್ಲಿ ಜಾರುತ್ತಿತ್ತು, ಅವಳು ಹಿಡಿ ಬಿಡದೆ ಕಾಯುತ್ತಿದ್ದಳು. ಶಾಲೆಗೆ ರಜೆ, ಮೈದಾನದಲ್ಲಿ ನರಪಿಳ್ಳೆಯೂ ಇರಲಿಲ್ಲ. ಕೊನೆಗೆ "ಬಿಡು" ಎಂದು ತಾನೇ ಅಂದು, ಕೈಬಿಟ್ಟು ಪಕ್ಕಕ್ಕೆ ಹಾರಿದಳು. ರೋಲರು ಕೆಳಗಿನ ಗೋಡೆಗೆ ಗುದ್ದಿ ನಿಂತಿತು. ಅವಳು ಇದ್ದಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಗಂಡ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ, ಅವತ್ತು ಮನೆ ತುಂಬ ಜನರಿದ್ದರು.

ಆಮೇಲೆ ಎದ್ದು ಬಿರಡೆ ತೆಗೆದು ಅರ್ಧ ನೀರು ಹರಿಯಬಿಟ್ಟಳು. ಈಗ ರೋಲರು ಹೇಳಿದ ಹಾಗೆ ಕೇಳಿತು. ತೂಕ ಕಮ್ಮಿಯಾದ್ದಕ್ಕೆ ಎರಡೆರಡು ಸಲ ಉರುಳಿಸಿದಳು. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ, ಹಿಂದಿನ ಪಟ್ಟಿಯ ಅಂಚನ್ನು ಒಂದು ಗೇಣು ತುಳಿಯುತ್ತಾ, ಗಡಿಬಿಡಿಯಿಲ್ಲದೆ, ತಿರುವುಗಳಲ್ಲಿ ಹುಲ್ಲು ಹರಿಯದಂತೆ ಅಗಲಕ್ಕೆ ಸುತ್ತುತ್ತಾ. ಸಂಜೆಗೆ ಮುಗಿಯಿತು.

ಶನಿವಾರ ಹೆಡ್‌ಮಾಸ್ಟರು ಹುಲ್ಲಿನ ಮೇಲೆ ಆ ತುದಿಯಿಂದ ಈ ತುದಿಗೆ ನಡೆದುಬಂದರು. "ಭೇಷ್. ಒಬ್ಬರಿಂದ ಆಗೋ ಕೆಲಸಾನೇ ಅನ್ನಿ. ಇಷ್ಟು ವರ್ಷ ಸುಮ್ಸುಮ್ನೆ ಇಬ್ಬರನ್ನ ಇಟ್ಕೊಂಡಿದ್ವಿ" ಎಂದು ನಕ್ಕರು. ಮೆಚ್ಚಿಕೊಂಡೇ ಹೇಳಿದ್ದು, ಪಾಪ. ಕೆಲಸ ಉಳಿಯಿತು, ಮನೆ ಉಳಿಯಿತು. ಆದರೂ ಅವಳು ಆ ಮಾತಿಗೆ ಒಪ್ಪಲಿಲ್ಲ.

"ಇಲ್ಲ ಸಾರ್" ಎಂದಳು. "ಅವರಿದ್ದಿದ್ರೆ ಇನ್ನೂ ಚೆನ್ನಾಗಿ ಕೂರ್ತಿತ್ತು. ಆ ಮೂಲೇಲಿ ನೋಡಿ, ಇನ್ನೂ ಉಬ್ಬಿದೆ. ಅದು ನನ್ನೊಬ್ಬಳಿಂದ ಆಗ್ಲಿಲ್ಲ."

ಹೆಡ್‌ಮಾಸ್ಟರು ಮೂಲೆಗೆ ಹೋಗಿ, ಬಗ್ಗಿ, ಅಂಗೈಯಿಂದ ಸವರಿ ನೋಡಿದರು. ಅಲ್ಲಿ ಉಬ್ಬೇನೂ ಇರಲಿಲ್ಲ.