ಆಟದ ಅಮ್ಮ

ಆರು ದಿನ ಮಧುಗಿರಿಯ ಗಾರ್ಮೆಂಟ್ಸ್‌ನಲ್ಲಿ ಅಂಗಿಗಳಿಗೆ ಕಾಲರ್ ಹೊಲಿದು, ಏಳನೆಯ ದಿನ ಪುರವರದ ತನ್ನ ಮನೆಯಲ್ಲಿ ಬಟ್ಟೆಯ ರಾಶಿ ಒಗೆಯುವ ಲಕ್ಷ್ಮೀದೇವಿಗೆ ಭಾನುವಾರವೆಂಬುದು ಹೆಸರಿಗಷ್ಟೇ ರಜೆ. ಆದರೂ ಒಂದು ಸಮಾಧಾನ ಅವಳ ದಣಿವಿಗೆ ಊರುಗೋಲಾಗಿತ್ತು: ಆರು ವರ್ಷದ ಮಗಳು ಶೃತಿಗೆ, ‘ನೀನು ಹೆಣ್ಣು, ಹೀಗಿರಬೇಕು’ ಎಂದು ಅವಳು ಒಂದು ದಿನವೂ ಹೇಳಿದವಳಲ್ಲ. ಮಗ ನವೀನನಿಗೆ ಸೈಕಲ್ ತಂದಾಗ ಮಗಳಿಗೂ ಚಿಕ್ಕದೊಂದು ಬಂದಿತ್ತು. ಅವನಿಗೆ ಮೊಟ್ಟೆ ಬೆಂದರೆ ಇವಳಿಗೂ ಬೇಯುತ್ತಿತ್ತು.

ಅಂದು ಮುದ್ದೆಗೆ ಎಸರಿಟ್ಟು, ಬೆನ್ನು ನೀವಿಕೊಳ್ಳುತ್ತ ಬಾಗಿಲಿಗೆ ಬಂದಾಗ, ಜಗುಲಿಯ ಮೇಲೆ ಮಕ್ಕಳ ಸಂಸಾರ ಸಾಗಿತ್ತು. ನವೀನ ಅಪ್ಪನಾಗಿ, ಕಾಲ ಮೇಲೆ ಕಾಲು ಹಾಕಿ ಮಲಗಿದ್ದ.

“ಲೇ, ಊಟ ಹಾಕೇ! ಎಷ್ಟೊತ್ತು?”

“ಬಂದೆ ಇರಿ, ನಂಗೇನ್ ನಾಕು ಕೈ ಅವಾ?” ಶೃತಿ ಹೊಂಗೆ ಎಲೆಯ ಮೇಲೆ ಮಣ್ಣಿನ ಮುದ್ದೆಯಿಟ್ಟಳು. ತನಗೆ ಎಲೆ ಹಾಕಿಕೊಳ್ಳಲಿಲ್ಲ.

“ನೀನು ಉಣ್ಣಲ್ವಾ?” ನವೀನ ಅಪ್ಪನಾಗಿರುವುದನ್ನು ಮರೆತು ಕೇಳಿದ.

“ಅಮ್ಮ ಜೊತೇಲಿ ಉಣ್ಣಲ್ಲ ಕಣ್ಲಾ, ದಡ್ಡ. ಆಮೇಲೆ ತಳ ಕೆರ್ಕೊಂಡು ಉಣ್ತಾಳೆ.” ಸೊಂಟಕ್ಕೆ ಕೈಕೊಟ್ಟು ಎದ್ದು, ಹಣೆ ಒರೆಸಿಕೊಂಡು, ಆ ಪುಟ್ಟ ಹುಡುಗಿ “ಉಸ್ಸಪ್ಪಾ, ಶಿವನೇ” ಎಂದಳು.

ಆ ನಿಟ್ಟುಸಿರು ಲಕ್ಷ್ಮೀದೇವಿಯದೇ. ಬಾಯಿಬಿಟ್ಟು ಹೇಳದ ಪಾಠವನ್ನು ಮಗಳು ಇಷ್ಟು ಚೆನ್ನಾಗಿ ಒಪ್ಪಿಸುತ್ತಿದ್ದಳು.

ಊಟದ ಹೊತ್ತಿಗೆ ಅವಳು ನಾಲ್ಕು ತಟ್ಟೆ ಹಾಕಿ ಮುದ್ದೆಯಿಟ್ಟಳು. ಸಾರಿನ ಪಾತ್ರೆಯನ್ನು ನಡುವೆ ಇರಿಸಿ, ಗೋಡೆಗೊರಗಿ ತಾನೂ ಕುಳಿತಳು. ಶೃತಿ ಗಾಬರಿಯಿಂದ ಅವಳ ಹಣೆ ಮುಟ್ಟಿ ನೋಡಿದಳು.

“ಜ್ವರ ಬಂದೈತಾ ಅಮ್ಮ?”

“ಇಲ್ಲ ಕಣಮ್ಮ. ಹೊಟ್ಟೆ ಹಸ್ದೈತೆ.”

ಗಂಡ ಪ್ರಸನ್ನ ಕುಮಾರ್ ಫೋನಿನಿಂದ ಕಣ್ಣು ಕೀಳದೆ ತಟ್ಟೆಯನ್ನು ಮುಂದಕ್ಕೆ ಹಿಡಿದ. “ಸಾರು.”

ತಾಯಿ ಏಳದಿದ್ದುದನ್ನು ಕಂಡು, ಶೃತಿ ಮುರಿದ ತುತ್ತನ್ನು ತಟ್ಟೆಗೇ ಬಿಟ್ಟು ಸೌಟಿಗಾಗಿ ಎದ್ದಳು. ಲಕ್ಷ್ಮೀದೇವಿ ಅವಳ ಲಂಗದ ಅಂಚು ಹಿಡಿದಳು.

“ಕೂತ್ಕೋ. ನಿಮ್ಮಪ್ಪಂಗೂ ಕೈ ಅವೆ.”

“ಏನೇ ಇದು, ಹೊಸ ನಾಟ್ಕ?” ಅವನು ಆಗ ತಲೆಯೆತ್ತಿದ.

ಲಕ್ಷ್ಮೀದೇವಿ ಇನ್ನೊಂದು ಕೈಯಿಂದ ತನ್ನ ತುತ್ತು ಮುರಿದಳು. ಅವನು ಹಿಡಿದ ತಟ್ಟೆ ಹಾಗೆಯೇ ಇತ್ತು, ಸಾರು ಆರುತ್ತಿತ್ತು. ಲಂಗ ಹಿಡಿದ ಕೈ ಮಾತ್ರ ಸಡಿಲಲಿಲ್ಲ.