ಜೋಗುಳಕ್ಕೆ ಐದು ಗಂಟೆಯ ಗಡುವು

ಚೇತನಾಳ ಜೋಗುಳದ ಆ್ಯಪನ್ನು ಸಂಜೆ ಐದಕ್ಕೆ ತೆಗೆದುಹಾಕುತ್ತೇವೆ ಎಂದು ಆ್ಯಪ್ ಮಳಿಗೆಯವರು ಪತ್ರ ಬರೆದಿದ್ದರು. ಅದರಲ್ಲಿರುವ ಹಾಡು ನಮ್ಮದು, ಕದ್ದಿದ್ದಾರೆ ಎಂದು ಯಾವುದೋ ಆಡಿಯೊ ಕಂಪನಿ ದೂರು ಕೊಟ್ಟಿತ್ತಂತೆ. ಕದ್ದಿದ್ದಂತೆ! ಹಾಡು ಕಟ್ಟಿ ಹಾಡಿದವಳು ಚೇತನಾಳ ಅಜ್ಜಿ ಹನುಮವ್ವ. ಬಾಗಲಕೋಟೆ ಕಡೆಯಿಂದ ಬಂದು ಗೋವಿಂದರಾಜನಗರದ ಬಾಡಿಗೆ ಮನೆಯಲ್ಲಿ ಮೊಮ್ಮಗಳ ಜೊತೆಗಿದ್ದ ಮುದುಕಿ. ಹಾಡಿದವರೇ ಪೂರ್ತಿ ಹಾಡುವ ವಿಡಿಯೊ ಗಡುವಿನೊಳಗೆ ಕಳಿಸಿದರೆ ಆ್ಯಪ್ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ನಿಯಮ ಅಂದರೆ ನಿಯಮ. ಎರಡು ವರ್ಷದ ದುಡಿಮೆ ಅದು. ಚೇತನಾ ಮೂರು ರಾತ್ರಿ ಕಣ್ಣು ಮುಚ್ಚಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಕಿಟಕಿಗೆ ಫೋನ್ ಆನಿಸಿಟ್ಟು, "ಆಯಿ, ಹಾಡು," ಎಂದಳು.

"ಕೂಸೆಲ್ಲೈತಿ?"

"ಕೂಸು ಯಾಕೆ ಆಯಿ? ಸುಮ್ನೆ ಹಾಡು."

"ಬರೇ ತೊಟ್ಟಿಲ ತೂಗಬಾರದು, ಕೂಸಿಲ್ಲದ ಜೋಗುಳ ಹಾಡಬಾರದು. ಕೇಡಾಕ್ಕೈತಿ. ನಾ ಒಲ್ಲೆ."

ಹಟ ಅಂದರೆ ಹಟ. ಮೊದಲು ರೆಕಾರ್ಡ್ ಮಾಡಿದ್ದು ಪಕ್ಕದ ಮನೆ ಸುವರ್ಣಾಳ ಮಗುವನ್ನು ಮಲಗಿಸುವಾಗ. ಅವರೋ ಬ್ಯಾಡರಹಳ್ಳಿಗೆ ಮನೆ ಬದಲಾಯಿಸಿಯಾಗಿತ್ತು. ಚೇತನಾ ಗೋಗರೆದಳು, ರೇಗಿದಳು, ಕೊನೆಗೆ ತಲೆದಿಂಬು ತಂದು ಕೈಗಿಟ್ಟಳು. ದಿಂಬಿಗೆ ಜೋಗುಳವೇ ಎಂದು ಮುದುಕಿ ನಕ್ಕಳು. ಗಂಟೆ ನಾಲ್ಕು ದಾಟಿತು. ಬೇರೆ ದಾರಿ ಕಾಣದೆ ಇಪ್ಪತ್ತೇಳು ವರ್ಷದ ಹೆಣ್ಣು ತಾನೇ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು, "ಇಗೋ ಕೂಸು. ಹಾಡೀಗ," ಎಂದಳು.

ಆಗ ಹಾಡು ಬಂತು. ಮಾಗಡಿ ರಸ್ತೆಯ ಹಾರ್ನುಗಳು ಎಲ್ಲೋ ದೂರ ಸರಿದವು. ಪರದೆ ಉಬ್ಬಿತು, ಇಳಿಯಿತು. ಗೋಡೆ, ಕಿಟಕಿ, ಗಡುವು ಎಲ್ಲ ನಿಧಾನ ನೀರಿನ ಮೇಲೆ ತೇಲಿಹೋದವು. ಚೇತನಾ ಮೊಳದುದ್ದದ ಮಗುವಾದಳು. ಬಾಯಲ್ಲಿ ಹಾಲಿನ ವಾಸನೆ, ಇನ್ನೂ ಹೆಸರೇ ಇಟ್ಟಿರಲಿಲ್ಲ. ಯಾರೋ ಕಿವಿಯ ಹಿಂದಕ್ಕೆ ಕೂದಲು ಸರಿಸಿದರು. ಇಷ್ಟು ಸುಖ ಇಷ್ಟು ದಿನ ಎಲ್ಲಿತ್ತು ಎಂದುಕೊಂಡಳು.

ಕಣ್ಣು ಬಿಟ್ಟಾಗ ಆರೂವರೆ. ಆ್ಯಪ್ ತೆಗೆದುಹಾಕಲಾಗಿದೆ ಎಂಬ ಸಂದೇಶ ಬಂದು ಒಂದೂವರೆ ಗಂಟೆಯಾಗಿತ್ತು.

"ಅಯ್ಯೋ ಆಯಿ, ಎಬ್ಬಿಸ್ಬಾರ್ದಿತ್ತಾ! ಐದಕ್ಕೆ ಮುಂಚೆ ಕಳಿಸ್ಬೇಕು ಅಂತ ನೂರು ಸಲ ಹೇಳಿದ್ನಲ್ಲ!"

"ನೆನಪಿತ್ತು," ಎಂದಳು ಹನುಮವ್ವ. "ಮಲಗಿದ ಕೂಸಿನ್ನ ಹೆಂಗ ಎಬ್ಬಸ್ಲಿ?"

ಚೇತನಾಳಿಗೆ ಸಿಟ್ಟು ನೆತ್ತಿಗೇರಿತು, ಅಳುವೂ ಉಕ್ಕಿತು. ಕಿರುಚಬೇಕೆಂದೇ ಎದ್ದು ನಿಂತಳು. ಅಜ್ಜಿಯೂ ಏಳಲು ನೋಡಿ, ಆಗದೆ ಗೋಡೆ ಹಿಡಿದಳು. ಎರಡು ಗಂಟೆ ಅಲುಗಿಸದೆ ಇಟ್ಟಿದ್ದ ಕಾಲು ಮರಗಟ್ಟಿಹೋಗಿತ್ತು.

ಚೇತನಾ ಫೋನನ್ನು ಮಗುಚಿಟ್ಟಳು. ನೆಲದ ಮೇಲೆ ಕೂತು, ಆ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು ಮೆಲ್ಲಗೆ ಒತ್ತತೊಡಗಿದಳು.