ಹೆಚ್ಚಿಗೆ ಬರೆಸಿದ ಒಂದು ವರ್ಷ

ದಾವಣಗೆರೆಯಲ್ಲಿದ್ದಾಗ ಹರಿಹರ ಒಂದು ಘನಂದಾರಿ ಕೆಲಸ ಮಾಡಿದ್ದ. ಮಗಳು ಶ್ರಾವ್ಯಾಳನ್ನು ಒಂದು ವರ್ಷ ಮೊದಲೇ ಒಂದನೇ ಕ್ಲಾಸಿಗೆ ಸೇರಿಸಲೆಂದು ಪರಿಚಯದ ಗುಮಾಸ್ತನ ಕೈ ಬಿಸಿ ಮಾಡಿ, ಜನನ ಪ್ರಮಾಣಪತ್ರದಲ್ಲಿ ಎರಡು ಸಾವಿರದ ಇಸವಿಗೆ ಬದಲಾಗಿ ತೊಂಬತ್ತೊಂಬತ್ತು ಎಂದು ಬರೆಸಿದ್ದ. ಊರಿನ ಅರ್ಧಕ್ಕರ್ಧ ಅಪ್ಪಂದಿರು ಮಾಡುತ್ತಿದ್ದುದೂ ಅದನ್ನೇ ಅನ್ನಿ. ಆದರೆ ಇವನು ಯೋಕೋಹಾಮಾಕ್ಕೆ ಬಂದ ಮೇಲೂ, ಮನೆಗೆ ಊಟಕ್ಕೆ ಬಂದ ಕನ್ನಡದವರ ಮುಂದೆಲ್ಲ ಆ ಜಾಣತನ ಹೇಳಿಕೊಂಡು ಬೀಗುತ್ತಿದ್ದ.

ಅವನ ಕೆಲಸ ಅಮೆರಿಕನ್ ಕಂಪನಿಯೊಂದರ, ಹತ್ತಿರದ ಶಿನಾಗಾವಾದಲ್ಲಿದ್ದ ಆಫೀಸಿನಲ್ಲಿ. ಕಂಪನಿ ಹಾಕಿದ್ದ ಗ್ರೀನ್ ಕಾರ್ಡ್ ಅರ್ಜಿಯ ಸರದಿ ಎಂಟು ವರ್ಷ ಕಾಯಿಸಿ ಕೊನೆಗೂ ಬಂದದ್ದು ೨೦೨೧ರ ಆಗಸ್ಟಿನಲ್ಲಿ. ಕೊರೊನಾ ತುರ್ತುಸ್ಥಿತಿಯಿಂದಾಗಿ ನಾಲ್ವರೂ ಎರಡು ಕೋಣೆಯೊಳಗೆ ಮುಖ ಮುಖ ನೋಡಿಕೊಂಡು ಬೇಸತ್ತಿದ್ದ ದಿನಗಳವು. ಹೆಂಡತಿ ಸತ್ಯಭಾಮಾ ಪಾಯಸ ಮಾಡಿದಳು.

ಮಾರನೆಯ ದಿನವೇ ಅಮೆರಿಕದ ವಕೀಲೆಯ ಇಮೇಲ್ ಬಂತು. ತಂದೆಯ ಅರ್ಜಿಯ ಮೇಲೆ ಹೋಗುವ ಮಕ್ಕಳಿಗೆ ಇಪ್ಪತ್ತೊಂದು ತುಂಬಿರಬಾರದು. ದಾಖಲೆಯಲ್ಲಿ ಶ್ರಾವ್ಯಾಳಿಗೆ ಇಪ್ಪತ್ತೆರಡು. ಅರ್ಜಿಯ ಪರಿಶೀಲನೆಗೆ ಹಿಡಿದದ್ದೆಂದು ಕಾನೂನು ಬಿಟ್ಟುಕೊಡುವ ತಿಂಗಳುಗಳನ್ನು ಕಳೆದರೂ ಇಪ್ಪತ್ತೊಂದೂವರೆ. ಹನ್ನೆರಡರ ತಂಗಿ ನಿಶಾ ಹೋಗಬಹುದು, ಅವಳು ಹೋಗುವಂತಿಲ್ಲ.

ಶ್ರಾವ್ಯಾಳಿಗೆ ಮೊದಲು ನಗುವೇ ಬಂತು. ನಿಜವಾದ ವಯಸ್ಸು ಒಂದು ವರ್ಷ ಕಡಿಮೆ ತಾನೆ, ಆ ಲೆಕ್ಕದಲ್ಲಿ ಬರೀ ಇಪ್ಪತ್ತೂವರೆ! ಅವಳು ಹುಟ್ಟಿದಾಗ ಕೊಟ್ಟ ನರ್ಸಿಂಗ್ ಹೋಮಿನ ಡಿಸ್‌ಚಾರ್ಜ್ ಕಾರ್ಡು ಅಮ್ಮನ ಬೀರುವಿನಲ್ಲಿತ್ತು. ತಾರೀಕು ತಪ್ಪಾಗಿರಬಹುದು ಎಂದು ಅವಳೇ ವಕೀಲೆಗೆ ಬರೆದಳು. ಸರಿಪಡಿಸಿದರೆ ಮುಗಿಯಿತು ಎಂದು ಪಾಪ, ನಂಬಿದ್ದಳು.

ಅದಾದ ಮೂರನೆಯ ದಿನ ನಿಶಾಳನ್ನು ಒಳಕೋಣೆಗೆ ಕಳಿಸಿ, ಮೂವರೂ ಲ್ಯಾಪ್‌ಟಾಪಿನ ಮುಂದೆ ಕೂತರು. ವಕೀಲೆ ಮೆತ್ತಗೆ ವಿವರಿಸಿದಳು. ಕಚೇರಿಯವರ ತಪ್ಪಾಗಿದ್ದರೆ ತಿದ್ದಿಸಬಹುದು. ತಂದೆಯೇ ಬೇಕೆಂದು ಸುಳ್ಳು ಬರೆಸಿ ಅರ್ಜಿಗೆ ಲಗತ್ತಿಸಿದ್ದರೆ ಅದು ವಂಚನೆ. ಅವರಿಗೆ ಅಮೆರಿಕದ ಬಾಗಿಲು ಶಾಶ್ವತವಾಗಿ ಮುಚ್ಚಬಹುದು. ಹರಿಹರ ಒಂದು ನಿಮಿಷ ಎಂದು ಹೇಳಿ ಮ್ಯೂಟ್ ಒತ್ತಿದ.

"ಅಪ್ಪ, ನಿಜ ಹೇಳ್ಬಿಡಿ ಪ್ಲೀಸ್. ಆಗ್ಲಿಲ್ಲ ಅಂದ್ರೆ ಎಲ್ರೂ ಇಲ್ಲೇ ಇರೋಣ."

"ಎಂಟು ವರ್ಷ ಕಾದಿದೀನಿ. ನಿಶಾ ಫ್ಯೂಚರ್ ಹಾಳು ಮಾಡ್ತೀಯಾ?"

"ನನ್ನದು?"

"ನಿಂಗೆ ಇಪ್ಪತ್ತೆರಡು. ದೊಡ್ಡೋಳು ನೀನು, ಹಾಸ್ಟೆಲಲ್ಲಿರು."

ತಾನೇ ದುಡ್ಡು ಕೊಟ್ಟು ಬರೆಸಿದ ಸುಳ್ಳನ್ನು ಮಗಳ ಮುಖಕ್ಕೆ ಹೇಳುವಾಗ ಅವನ ದನಿ ಒಂಚೂರೂ ನಡುಗಲಿಲ್ಲ. ಶ್ರಾವ್ಯಾ ಅಮ್ಮನ ಕಡೆ ತಿರುಗಿದಳು.

"ನೀನಾದ್ರೂ ಹೇಳಮ್ಮ. ಹೆತ್ತೋಳಿಗೆ ಗೊತ್ತಿಲ್ವಾ ಯಾವ ವರ್ಷ ಅಂತ? ಆ ಕಾರ್ಡ್ ತೋರ್ಸು."

ಸತ್ಯಭಾಮಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅದು ಇಲ್ಲ ಪುಟ್ಟಿ. ನಿನ್ನೆ ಬೆಳಗ್ಗೆ ಸುಡೋ ಕಸದ ಜೊತೆ ಕೊಟ್ಬಿಟ್ಟೆ. ದಿನಾ ವಿಡಿಯೋ ಕಾಲ್ ಮಾಡ್ತೀವಿ, ಆಯ್ತಾ?"

ಸುಡುವ ಕಸ, ಸುಡದ ಕಸ ಎಂದು ಬೇರೆ ಮಾಡಿ ಗೊತ್ತಾದ ದಿನವೇ ಕೊಡಬೇಕಾದ ಈ ಊರಿನ ಶಿಸ್ತನ್ನು ಅಮ್ಮ ಎಂದೂ ತಪ್ಪಿಸಿದವಳಲ್ಲ. ಶ್ರಾವ್ಯಾಳಿಗೆ ಈಗ ಅರ್ಥವಾಯಿತು. ಇಬ್ಬರೂ ಸೇರಿ ಮೊದಲೇ ತೀರ್ಮಾನಿಸಿದ್ದರು. ತನ್ನನ್ನು ಇಲ್ಲಿ ಕೂರಿಸಿದ್ದು ತನ್ನ ಬಾಯಿಂದಲೇ ಆ ಸುಳ್ಳನ್ನು ಹೇಳಿಸುವುದಕ್ಕೆ. ಹರಿಹರ ಮ್ಯೂಟ್ ತೆಗೆದ. ತಾನೇ ಗೊಂದಲ ಮಾಡಿಕೊಂಡೆ, ದಾಖಲೆಯಲ್ಲಿರುವುದೇ ಸರಿ ಎಂದು ಶ್ರಾವ್ಯಾ ಇಂಗ್ಲಿಷಿನಲ್ಲಿ ಒಪ್ಪಿಸಿದಳು.

ವಕೀಲೆಗೆ ನಿರಾಳವಾಯಿತು. ಇನ್ನೊಂದು ದಾರಿಯಿದೆ ಎಂದಳು. ತಂದೆ ಅಲ್ಲಿ ನೆಲೆಸಿದ ಮೇಲೆ ಮಗಳಿಗಾಗಿ ಬೇರೆ ಅರ್ಜಿ ಹಾಕಬಹುದು. ಎಂಟೊಂಬತ್ತು ವರ್ಷ ಹಿಡಿಯಬಹುದು, ಹೆಚ್ಚೂ ಆಗಬಹುದು. ಅಲ್ಲಿಯವರೆಗೆ ಅವಳು ಮದುವೆಯಾಗುವಂತಿಲ್ಲ. ಮದುವೆಯಾದರೆ ಅರ್ಜಿಯೇ ಬಿದ್ದುಹೋಗುತ್ತದೆ.

"ಇದು ನಿಮಗೆ ಒಪ್ಪಿಗೆಯೇ, ಶ್ರಾವ್ಯಾ?"

"ಯೆಸ್, ಯೆಸ್. ಶಿ ವಿಲ್ ನಾಟ್ ಮ್ಯಾರಿ," ಎಂದ ಹರಿಹರ. ಮಗಳು ಬಾಯಿ ತೆರೆಯುವಷ್ಟರಲ್ಲಿ ಥ್ಯಾಂಕ್ಸ್ ಹೇಳಿ ಕರೆ ಮುಗಿಸಿದ್ದ.